ಕಾರ್ಡು ದುಬಾರಿಯಾದರೂ ಆಟ ದುಬಾರಿಯಾಗಬಾರದು: ನನ್ನ ಅನುಭವ

ಸಂಗ್ರಹಿಸುವ ಕಾರ್ಡುಗಳ ಆಟವನ್ನು ಮಾರುವ ಕಂಪನಿಗೆ ಎರಡು ಬಗೆಯ ಗಿರಾಕಿಗಳಿರುತ್ತಾರೆ. ಆಡುವವರಿಗೆ ಬೇಕಾದ ಕಾರ್ಡು ಸುಲಭವಾಗಿ ಸಿಗಬೇಕು. ಕೂಡಿಡುವವರಿಗೆ ಅದೇ ಕಾರ್ಡು ಸುಲಭವಾಗಿ ಸಿಗಬಾರದು. ಬೆಂಗಳೂರಿನಲ್ಲಿ ಗೆಳೆಯರೊಡನೆ ಇಂಥದೊಂದು ಸಣ್ಣ ಕಂಪನಿ ಕಟ್ಟುವಾಗ ಆಟದ ನಿಯಮಗಳಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಒಳಗೆ ಯಾವ ಕಾರ್ಡುಗಳಿವೆಯೆಂದು ತಿಳಿಯದಂತೆ ಮುಚ್ಚಿ ಮಾರುವ ಒಂದೇ ಪ್ಯಾಕೆಟ್ಟಿನಲ್ಲಿ ಈ ಇಬ್ಬರಿಗೂ ನ್ಯಾಯ ಒದಗಿಸುವುದು ಹೇಗೆ ಎಂಬ ಪ್ರಶ್ನೆ.

ಉತ್ತರ ಹುಡುಕಲು ನಾನು ಮೊದಲು ಓದಿದ್ದು 'ಮ್ಯಾಜಿಕ್: ದ ಗ್ಯಾದರಿಂಗ್' ಆಟದ ಆರಂಭದ ವರ್ಷಗಳನ್ನು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದಾಗ ಬೇಡಿಕೆಗೆ ತಕ್ಕಷ್ಟು ಕಾರ್ಡುಗಳೇ ಇರಲಿಲ್ಲ. ಕೇಳಿದ್ದರಲ್ಲಿ ಒಂದು ಪಾಲು ಮಾತ್ರ ಬರುತ್ತದೆಂದು ಕಂಡುಕೊಂಡ ಅಂಗಡಿಯವರು 1994ರ 'ಫಾಲನ್ ಎಂಪೈರ್ಸ್' ಸೆಟ್ಟಿಗೆ (ಒಟ್ಟಿಗೆ ಹೊರತರುವ ಕಾರ್ಡುಗಳ ಗುಂಪಿಗೆ ಸೆಟ್ಟು ಎನ್ನುತ್ತಾರೆ) ಬೇಕಾದದ್ದಕ್ಕಿಂತ ಹೆಚ್ಚು ಆರ್ಡರು ಬರೆಸಿದರು. ಆ ಸಲ ಕೇಳಿದಷ್ಟೂ ಬಂದು, ಪ್ಯಾಕೆಟ್ಟುಗಳು ಬಹುಕಾಲ ಅಗ್ಗದ ದರದಲ್ಲಿ ಕಪಾಟಿನಲ್ಲೇ ಉಳಿದವು. 1995ರಲ್ಲಿ 'ಕ್ರಾನಿಕಲ್ಸ್' ಸೆಟ್ಟಿನ ಮೂಲಕ ಹಳೆಯ ಕಾರ್ಡುಗಳನ್ನು ಮರುಮುದ್ರಿಸಿದಾಗ ಸಂಗ್ರಾಹಕರು ಸಿಟ್ಟಾದರು. ಅವರನ್ನು ಸಮಾಧಾನಪಡಿಸಲು 1996ರಲ್ಲಿ ಕಂಪನಿಯು ಕೆಲವು ಕಾರ್ಡುಗಳನ್ನು ಮತ್ತೆಂದೂ ಮುದ್ರಿಸುವುದಿಲ್ಲವೆಂಬ 'ರಿಸರ್ವ್ಡ್ ಲಿಸ್ಟ್' ಪ್ರಕಟಿಸಿತು. ಆ ಮಾತು ಇಂದಿಗೂ ಊರ್ಜಿತದಲ್ಲಿದೆ, ಮತ್ತು ಅದರಿಂದಾಗಿಯೇ ಹಳೆಯ ಕಾರ್ಡುಗಳಿಂದ ಆಡುವ ಪಂದ್ಯಗಳು ಸಾಮಾನ್ಯ ಆಟಗಾರನ ಕೈಗೆಟುಕದಂತಾಗಿವೆ. ಅವಸರದಲ್ಲಿ ಕೊಟ್ಟ ವಚನವೊಂದು ಮೂರು ದಶಕಗಳ ವ್ಯಾಪಾರವನ್ನು ಕಟ್ಟಿಹಾಕಬಲ್ಲದು ಎಂಬುದು ನನ್ನ ದೃಷ್ಟಿಯಲ್ಲಿ ಈ ಉದ್ಯಮದ ಅತಿ ದೊಡ್ಡ ಪಾಠ.

ಆದ್ದರಿಂದ ನಾವು ಕಾರ್ಡಿನ ಶಕ್ತಿಯನ್ನೂ ಅದರ ಚೆಲುವನ್ನೂ ಬೇರ್ಪಡಿಸಿದೆವು. ಪ್ರತಿ ಕಾರ್ಡಿಗೂ ಒಂದು ಸಾದಾ ರೂಪವಿರುತ್ತದೆ, ಅದನ್ನು ಯಾವಾಗ ಬೇಕಾದರೂ ಮರುಮುದ್ರಿಸುತ್ತೇವೆ. ಕೆಲವಕ್ಕೆ ಹೊಳೆಯುವ ಫಾಯಿಲ್ ಹಾಕಿದ, ಬೇರೆ ಚಿತ್ರವಿರುವ ವಿಶೇಷ ರೂಪವಿರುತ್ತದೆ, ಅದನ್ನು ಮತ್ತೆ ಮುದ್ರಿಸುವುದಿಲ್ಲ. ಪಂದ್ಯದಲ್ಲಿ ಎರಡಕ್ಕೂ ಒಂದೇ ಬಲ. ಮೊದಲ ಪ್ಯಾಕೆಟ್ಟು ಮಾರುವ ಮೊದಲೇ ಈ ಷರತ್ತನ್ನು ನಿಯಮಪುಸ್ತಕದಲ್ಲಿ ಅಚ್ಚು ಹಾಕಿಸಿದೆವು.

ಕಾರ್ಡು ಅಪರೂಪವಾಗುವುದು ಮುದ್ರಣದ ಹಾಳೆಯ ಮೇಲೆ. 'ಮ್ಯಾಜಿಕ್' ಆಟದ ಆರಂಭದ ಹಾಳೆಗಳಲ್ಲಿ ಹನ್ನೊಂದಕ್ಕೆ ಹನ್ನೊಂದರಂತೆ 121 ಜಾಗಗಳಿದ್ದವು. ಯಾವ ಕಾರ್ಡಿಗೆ ಎಷ್ಟು ಜಾಗ ಕೊಡುತ್ತೀರೆಂಬುದೇ ಅದು ಎಷ್ಟು ಸಿಗುತ್ತದೆಂಬುದನ್ನು ತೀರ್ಮಾನಿಸುತ್ತದೆ. ಶಿವಕಾಶಿಯ ಮುದ್ರಕರೊಡನೆ ಕುಳಿತು ನಮ್ಮ ಹಾಳೆಯನ್ನು ಹೀಗೆಯೇ ಹಂಚಿದೆವು. ಕಾರ್ಡಿನ ಅಳತೆಯನ್ನು ಮಾತ್ರ ಬದಲಿಸದೆ 63 ಮತ್ತು 88 ಮಿಲಿಮೀಟರಿಗೇ ನಿಲ್ಲಿಸಿದೆವು, ಏಕೆಂದರೆ ಕಾರ್ಡನ್ನು ಕಾಪಾಡುವ ಪ್ಲಾಸ್ಟಿಕ್ ಹೊದಿಕೆಗಳಾದ ಸ್ಲೀವ್‌ಗಳಲ್ಲಿ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವಂಥವು ಅದಕ್ಕೇ ಹೊಂದುತ್ತವೆ. ಬೆಳಕಿಗೆ ಹಿಡಿದರೂ ಆಚೆಯ ಬದಿ ಕಾಣದಂತೆ ನಡುವೆ ಕಪ್ಪು ಪದರವಿರುವ ರಟ್ಟನ್ನು ಆರಿಸಿದೆವು; ಖರ್ಚು ಹೆಚ್ಚಾಯಿತು, ಆದರೆ ಕಾರ್ಡು ಪಾರದರ್ಶಕವಾದರೆ ಆಟವೇ ಉಳಿಯುವುದಿಲ್ಲ.

ಒಮ್ಮೆ ಅಂಗಡಿಯಲ್ಲಿ ಮಗನೊಡನೆ ಬಂದಿದ್ದ ತಾಯಿಯೊಬ್ಬರು, "ಒಳಗೇನಿದೆ ಅಂತ ಗೊತ್ತಿಲ್ದೆ ನಾವ್ಯಾಕೆ ದುಡ್ಡು ಕೊಡ್ಬೇಕು ಸಾರ್?" ಎಂದು ನೇರವಾಗಿ ಕೇಳಿದರು. ಆ ಪ್ರಶ್ನೆ ಸಂಪೂರ್ಣ ನ್ಯಾಯವಾದದ್ದು. ಸೆಟ್ಟಿನ ಎಲ್ಲ ಸಾದಾ ಕಾರ್ಡುಗಳನ್ನೂ ನಾವು ನಿಗದಿತ ಡೆಕ್‌ಗಳಲ್ಲಿ, ಅಂದರೆ ಒಳಗೆ ಏನಿದೆಯೆಂದು ಮೊದಲೇ ಗೊತ್ತಿರುವ ಕಾರ್ಡುಕಟ್ಟುಗಳಲ್ಲಿ, ಮಾರುವುದರಿಂದ, ಅದೃಷ್ಟದ ಪ್ಯಾಕೆಟ್ಟನ್ನು ಕೊಳ್ಳದೆಯೇ ನಿಮ್ಮ ಮಗ ಪೂರ್ತಿ ಬಲದಿಂದ ಆಡಬಹುದು ಎಂದು ಅವರಿಗೆ ತೋರಿಸಿದೆ. ಅವರು ಡೆಕ್ ಕೊಂಡರು. ಹಾಗಾದರೆ ಪ್ಯಾಕೆಟ್ಟನ್ನೇ ಏಕೆ ಬಿಡಬಾರದು ಎಂಬ ಚರ್ಚೆಯೂ ನಮ್ಮಲ್ಲಿ ನಡೆದಿತ್ತು. ಫ್ಯಾಂಟಸಿ ಫ್ಲೈಟ್ ಕಂಪನಿ 2012ರಲ್ಲಿ ತಂದ 'ಆಂಡ್ರಾಯ್ಡ್: ನೆಟ್‌ರನ್ನರ್' ಆಟದಲ್ಲಿ ಅದೃಷ್ಟದ ಪ್ಯಾಕೆಟ್ಟೇ ಇರಲಿಲ್ಲ, ಅದು ಆಡುವವರಿಗೆ ಅಚ್ಚುಮೆಚ್ಚೂ ಆಗಿತ್ತು. ಆದರೆ ನಿಗದಿತ ಪ್ಯಾಕನ್ನು ಒಬ್ಬನು ಒಮ್ಮೆ ಕೊಂಡರೆ ಮುಗಿಯಿತು, ಅಂಗಡಿಯವನೋ ಹಳೆಯದನ್ನೆಲ್ಲ ಇಟ್ಟುಕೊಳ್ಳಬೇಕು. ಸಂಗ್ರಾಹಕರ ಹಣವಿಲ್ಲದೆ ನಮ್ಮಂಥ ಸಣ್ಣವರಿಗೆ ಮುಂದಿನ ಸೆಟ್ಟಿನ ಚಿತ್ರಕಾರರಿಗೆ ಸಂಭಾವನೆ ಕೊಡುವುದೂ ಕಷ್ಟ.

ಎಷ್ಟು ಮುದ್ರಿಸಬೇಕೆಂಬುದನ್ನು ನಾನು ಅಂಗಡಿಗಳ ಆರ್ಡರಿನಿಂದಷ್ಟೇ ನಿರ್ಧರಿಸುವುದಿಲ್ಲ. 2021ರಲ್ಲಿ ಪೊಕೆಮಾನ್ ಕಾರ್ಡುಗಳಿಗೆ ಮರುಮಾರಾಟಗಾರರು ಮುಗಿಬಿದ್ದು, ಅಮೆರಿಕದ ಟಾರ್ಗೆಟ್ ಮಳಿಗೆಗಳು ಕೆಲಕಾಲ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದವು. ಅಂಥ ನೂಕುನುಗ್ಗಲನ್ನು ಆಟಗಾರರ ಸಂಖ್ಯೆಯೆಂದು ಭಾವಿಸಿದರೆ ಗೋದಾಮು ತುಂಬುತ್ತದೆ. ಪ್ರತಿ ಅಂಗಡಿಯಲ್ಲೂ ವಾರದ ಪಂದ್ಯಕ್ಕೆ ಎಷ್ಟು ಜನ ಮೇಜಿಗೆ ಬಂದರೆಂಬ ಪಟ್ಟಿಯನ್ನು ತರಿಸಿಕೊಂಡು, ಆರ್ಡರನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ. ಎರಡೂ ತಾಳೆಯಾಗದ ಕಡೆ ಅಂಗಡಿಯವರಿಗೆ ಫೋನು ಮಾಡಿ ಕಾರಣ ಕೇಳಿ, ಆಮೇಲೆಯೇ ಮುದ್ರಕರಿಗೆ ಮುಂಗಡ ಕಳುಹಿಸುತ್ತೇನೆ.