ಹೊಸ ಟಯರ್ ಹಾಕಿಸುವಾಗ ಪಕ್ಕದಲ್ಲೇ ನಿಂತು ನೋಡಿ

ಕಾರಿಗೆ ಹೊಸ ಟಯರ್ ಹಾಕಿಸುವುದು ಎಂದರೆ ಹಲವರಿಗೆ ಅಂಗಡಿಗೆ ಹೋಗಿ "ನಾಲ್ಕು ಹಾಕಿಬಿಡಿ" ಎಂದು ಹೇಳಿ ಫೋನ್ ನೋಡುತ್ತಾ ಕೂರುವ ಕೆಲಸ. ಬಿಲ್ ಬಂದಾಗ ಮಾತ್ರ ತಲೆ ಎತ್ತುತ್ತಾರೆ. ಆದರೆ ಎಷ್ಟು ಒಳ್ಳೆಯ ಟಯರ್ ಕೊಂಡರೂ ಅದನ್ನು ಸರಿಯಾಗಿ ಕೂರಿಸದಿದ್ದರೆ ಕೊಟ್ಟ ದುಡ್ಡು ದಂಡ. ಇಡೀ ಗಾಡಿ ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈ ಅಗಲದ ಜಾಗ. ಬ್ರೇಕ್ ಒತ್ತಿದರೂ, ಸ್ಟೇರಿಂಗ್ ತಿರುಗಿಸಿದರೂ ಅದರ ಫಲ ಕಾಣಬೇಕಾದದ್ದು ಅಷ್ಟರಲ್ಲೇ.

ಮೊದಲು ಹಳೆಯದನ್ನು ನೋಡಿ

ಟಯರಿನ ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟಯರ್ ಸವೆದು ಆ ದಿಣ್ಣೆಗೆ ಸಮ ಆಯಿತು ಎಂದರೆ ಅದರ ಆಯಸ್ಸು ಮುಗಿಯಿತು. ಹೊಸ ಟಯರಿನಲ್ಲಿ ಈ ಗೀರು ಸಾಮಾನ್ಯವಾಗಿ 8 ಮಿಲಿಮೀಟರ್ ಆಸುಪಾಸು ಆಳ ಇರುತ್ತದೆ. 1.6ರವರೆಗೂ ಕಾಯಲೇಬೇಕು ಅಂತೇನೂ ಇಲ್ಲ. 3 ಮಿಲಿಮೀಟರಿಗೆ ಇಳಿದಾಗಲೇ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತ ಕಡಿಮೆಯಾಗಿರುತ್ತದೆ. ಮಳೆಗಾಲ ಎದುರಿಗಿದ್ದರೆ ಆಗಲೇ ಬದಲಿಸುವುದು ಜಾಣತನ.

ಎಷ್ಟು ಸವೆದಿದೆ ಎನ್ನುವುದಕ್ಕಿಂತ ಹೇಗೆ ಸವೆದಿದೆ ಎನ್ನುವುದು ಮುಖ್ಯ. ಎರಡೂ ಅಂಚು ಸವೆದು ನಡುಭಾಗ ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ಕೆಟ್ಟಿದೆ. ಕೈ ಆಡಿಸಿದಾಗ ಅಲ್ಲಲ್ಲಿ ತಗ್ಗು ಸಿಕ್ಕರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಕಡೆ ಅನುಮಾನ ಪಡಿ. ಈ ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ, ಅಲ್ವಾ?

ಟಯರಿನ ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಮಾತ್ರ ಬೇರೆ ಲೆಕ್ಕ. ಒಳಗಿನ ದಾರದ ಪದರ ಹರಿದಿದೆ ಎಂದೇ ಅರ್ಥ. ಅದಕ್ಕೆ ರಿಪೇರಿ ಇಲ್ಲ, ಗೀರು ಎಷ್ಟೇ ಆಳ ಉಳಿದಿರಲಿ.

ಗೋಡೆಯ ಮೇಲಿನ ಬರಹ

ಟಯರಿನ ಪಕ್ಕದಲ್ಲಿ 195/65 ಆರ್ 15 91 ಎಚ್ ಎಂದಿದೆ ಎನ್ನೋಣ. 195 ಎಂದರೆ ಮಿಲಿಮೀಟರಿನಲ್ಲಿ ಟಯರಿನ ಅಗಲ. 65 ಎಂದರೆ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ಅಂದರೆ ಸುಮಾರು 127 ಮಿಲಿಮೀಟರ್. ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ಓಡುವ ಬಗೆ. 15 ಎನ್ನುವುದು ಇಂಚಿನಲ್ಲಿ ರಿಮ್ಮಿನ ಅಳತೆ. 91 ಭಾರದ ಸಂಖ್ಯೆ, ಒಂದು ಟಯರ್ 615 ಕಿಲೋ ಹೊರಬಲ್ಲದು ಎಂದು. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್‌ವರೆಗಿನ ವೇಗ ತಡೆಯುತ್ತದೆ ಎಂದು.

ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಇಂಧನದ ಮುಚ್ಚಳದ ಒಳಗೆ. ಕಂಪನಿ ಹೇಳಿದ ಸೈಜು, ಗಾಳಿಯ ಒತ್ತಡ ಎರಡೂ ಅದರಲ್ಲೇ ಸಿಗುತ್ತವೆ. ಅಂಗಡಿಗೆ ಹೋಗುವ ಮುಂಚೆ ಅದರದೊಂದು ಫೋಟೋ ಹೊಡೆದುಕೊಳ್ಳಿ. ಹಳೇ ಟಯರ್ ನೋಡಿ ಸೈಜ್ ಹೇಳಬೇಡಿ. ಹಿಂದಿನ ಮಾಲೀಕರು ಯಾವುದೋ ಅಳತೆ ಹಾಕಿಸಿರಬಹುದು.

ಅಗಲ ಜಾಸ್ತಿ ಇರುವ ಟಯರ್ ಹಾಕಿಸಿದರೆ ಗಾಡಿ ಗಟ್ಟಿಯಾಗಿ ಕೂರುತ್ತದೆ ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ಲೆಕ್ಕ ಹಾಕಿ ನೋಡಿ. 195/65 ಆರ್ 15 ಟಯರಿನ ಒಟ್ಟು ವ್ಯಾಸ ಸುಮಾರು 634 ಮಿಲಿಮೀಟರ್. ಸುಮ್ನೆ ಅಗಲ ಮಾತ್ರ ಹೆಚ್ಚಿಸಿ 205/65 ಹಾಕಿದರೆ 647 ಆಗುತ್ತದೆ. ನೂರಕ್ಕೆ ಎರಡರಷ್ಟು ದೊಡ್ಡದು. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜಲೂಬಹುದು. ನಿಂತ ನೀರಿನ ಮೇಲೆ ಅಗಲ ಟಯರ್ ಬೇಗ ತೇಲುತ್ತದೆ ಎನ್ನುವುದನ್ನು ಅವರು ಹೇಳುವುದಿಲ್ಲ. ಕಂಪನಿ ಕೊಟ್ಟ ಸೈಜಿಗೆ ಅಂಟಿಕೊಳ್ಳುವುದೇ ನನ್ನ ಸಲಹೆ. ಭಾರದ ಸಂಖ್ಯೆಯಂತೂ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಲೇಬಾರದು.

ತಯಾರಾದ ವಾರ

ಗೋಡೆಯ ಮೇಲೆ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಹುಡುಕಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅದು ಹಲವು ಸಲ ಒಂದೇ ಬದಿಯಲ್ಲಿ ಇರುತ್ತದೆ, ಆದ್ದರಿಂದ ಟಯರ್ ಉರುಳಿಸಿ ಎರಡೂ ಕಡೆ ನೋಡಿ. ಕೆಲವು ತಿಂಗಳು ಅಂಗಡಿಯಲ್ಲಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡು ಮೂರು ವರ್ಷ ಹಳೆಯದನ್ನು ಹೊಸದರ ಬೆಲೆಗೆ ಕೊಡುತ್ತಿದ್ದರೆ ಬೇರೆಯದು ಕೇಳಿ. ರಬ್ಬರ್ ಓಡದೆ ಇಟ್ಟರೂ ಗಟ್ಟಿಯಾಗುತ್ತಾ ಹೋಗುತ್ತದೆ. ಐದು ವರ್ಷ ಆದ ಟಯರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಹತ್ತಾದರೆ ಗೀರು ಉಳಿದಿದ್ದರೂ ಬದಲಿಸಬೇಕು ಎಂದು ಟಯರ್ ಕಂಪನಿಗಳೇ ಹೇಳುತ್ತವೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಇದೇ ಲೆಕ್ಕ.

ಎರಡೇ ಕೊಂಡರೆ ಎಲ್ಲಿಗೆ?

ಹೊಸ ಎರಡು ಹಿಂದಕ್ಕೆ. ಮುಂದಿನ ಚಕ್ರ ಎಳೆಯುವ ಗಾಡಿಯಾದರೂ ಹಿಂದಕ್ಕೇ. ಇದನ್ನು ಕೇಳಿ ಅಂಗಡಿಯವರೇ ಕೆಲವು ಸಲ ನಗುತ್ತಾರೆ, ನಗಲಿ. ಒದ್ದೆ ರಸ್ತೆಯಲ್ಲಿ ಮುಂದಿನ ಟಯರ್ ಜಾರಿದರೆ ಗಾಡಿ ನೇರ ಹೋಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಬಹಳ ಸಲ ಹಿಡಿತ ವಾಪಸ್ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಒಂದೇ ಆಕ್ಸಲ್‌ನ ಎರಡೂ ಬದಿಗೆ ಒಂದೇ ಕಂಪನಿಯ, ಒಂದೇ ಮಾದರಿಯ ಟಯರ್ ಇರಲಿ.

ಈಗ ಕುರ್ಚಿ ಬಿಟ್ಟು ಏಳಿ

ಹಳೇ ಟಯರ್ ಬಿಚ್ಚಿದ ಮೇಲೆ ರಿಮ್ಮಿನ ಅಂಚನ್ನು ನೋಡಿ. ತುಕ್ಕು, ಹಳೇ ರಬ್ಬರ್ ಚೂರು ಅಂಟಿರುತ್ತದೆ. ಅದನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಅಲ್ಲಿಂದಲೇ ಗಾಳಿ ಸೋರುತ್ತದೆ, ಪಂಕ್ಚರ್ ಮಾತ್ರ ಎಲ್ಲೂ ಸಿಗುವುದಿಲ್ಲ. ರಬ್ಬರ್ ವಾಲ್ವ್ ಇದ್ದರೆ ಇದೇ ಸಮಯದಲ್ಲಿ ಹೊಸದು ಹಾಕಿಸಿ. ಒಳಗೆ ಗಾಳಿಯ ಸೆನ್ಸರ್ ಇದ್ದರೆ ಬಿಚ್ಚುವ ಮುಂಚೆಯೇ ಹೇಳಿಬಿಡಿ. ಯಂತ್ರದ ಅಲಗು ತಾಗಿದರೆ ಅದು ಮುರಿಯುತ್ತದೆ.

ರಿಮ್ಮಿನೊಳಗೆ ಕೂರುವ ಟಯರಿನ ಅಂಚಿಗೆ ಅದಕ್ಕೆಂದೇ ಇರುವ ಪೇಸ್ಟ್ ಅಥವಾ ಸೋಪಿನ ನೀರು ಸವರಬೇಕು. ಗ್ರೀಸ್, ಎಂಜಿನ್ ಆಯಿಲ್ ಡಬ್ಬಿ ಕೈಗೆತ್ತಿಕೊಂಡರೆ ಅಲ್ಲೇ ತಡೆಯಿರಿ. ಅವು ರಬ್ಬರ್ ತಿನ್ನುತ್ತವೆ.

ದಿಕ್ಕು ಸರಿಯಿದೆಯೇ ಎಂದು ನೋಡಬೇಕಾದದ್ದು ಈಗಲೇ. ಗೋಡೆಯ ಮೇಲೆ ಬಾಣದ ಗುರುತಿದ್ದರೆ ಗಾಡಿ ಮುಂದೆ ಹೋಗುವಾಗ ಚಕ್ರ ಅದೇ ಕಡೆ ತಿರುಗಬೇಕು. ಬಾಣ ಇಲ್ಲದೆ ಒಳಬದಿ, ಹೊರಬದಿ ಎಂದು ಬರೆದಿದ್ದರೆ ಹೊರಬದಿ ನಿಮಗೆ ಕಾಣಬೇಕು. ಹಳದಿ ಚುಕ್ಕಿ ಇದ್ದರೆ ಅದು ಟಯರಿನ ಹಗುರ ಜಾಗ, ವಾಲ್ವ್ ಎದುರಿಗೆ ಬಂದರೆ ಬ್ಯಾಲೆನ್ಸಿಂಗ್ ತೂಕ ಕಡಿಮೆ ಸಾಕು.

ಗಾಳಿ ಹಿಡಿಸುವಾಗ ಎರಡು ಸಲ ಟಪ್ ಎಂದು ಸದ್ದು ಕೇಳುತ್ತದೆ. ಎರಡೂ ಅಂಚು ರಿಮ್ಮಿನಲ್ಲಿ ಕೂತವು ಎಂದು ಲೆಕ್ಕ. ಸದ್ದು ಕೇಳಿದರೆ ಸಾಲದು. ರಿಮ್ಮಿನ ಪಕ್ಕ ಟಯರಿನಲ್ಲಿ ಸುತ್ತಲೂ ಒಂದು ತೆಳು ಗೆರೆ ಓಡುತ್ತದೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಎಲ್ಲ ಕಡೆ ಒಂದೇ ಇದೆಯೇ ನೋಡಿ. ಒಂದು ಕಡೆ ಗೆರೆ ಒಳಗೆ ಮುಳುಗಿದ್ದರೆ ಟಯರ್ ಕೂತಿಲ್ಲ. ಗಾಳಿ ಬಿಟ್ಟು, ಪೇಸ್ಟ್ ಸವರಿ ಮತ್ತೆ ಕೂರಿಸಬೇಕು. ಎಷ್ಟು ಬ್ಯಾಲೆನ್ಸಿಂಗ್ ಮಾಡಿದರೂ ನಡುಕ ಹೋಗದ ಗಾಡಿಗಳಲ್ಲಿ ಕೆಲವದರ ರೋಗ ಇದೇ.

ನೈಟ್ರೋಜನ್ ಹಾಕಲೇ ಎಂದು ಕೇಳುತ್ತಾರೆ. ಪುಕ್ಕಟೆಯಾದರೆ ಹಾಕಿಸಿ. ಮಾಮೂಲಿ ಗಾಳಿಯಲ್ಲೂ ನೂರಕ್ಕೆ 78 ಪಾಲು ನೈಟ್ರೋಜನ್ನೇ.

ತೂಕ ಮತ್ತು ನೇರ

ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ. 80–100 ಕಿಲೋಮೀಟರ್ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಮೊದಲು ಅನುಮಾನಿಸಬೇಕಾದದ್ದು ಬ್ಯಾಲೆನ್ಸಿಂಗ್. ಕೈ ಸಡಿಲ ಬಿಟ್ಟಾಗ ಗಾಡಿ ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್.

ಬ್ಯಾಲೆನ್ಸಿಂಗ್ ಮಾಡುವಾಗ ರಿಮ್ಮಿಗೆ ಅಂಟಿದ್ದ ಹಳೇ ತೂಕಗಳನ್ನೆಲ್ಲ ಕಿತ್ತು ಹಾಕಿರಬೇಕು. ಹೊಸ ತೂಕ ಕೂರಿಸಿದ ಮೇಲೆ ಚಕ್ರವನ್ನು ಮತ್ತೊಮ್ಮೆ ತಿರುಗಿಸಿ, ಯಂತ್ರದಲ್ಲಿ ಎರಡೂ ಕಡೆ ಸೊನ್ನೆ ಬರುವುದನ್ನು ನೋಡಿ. ಈ ಎರಡನೇ ಸುತ್ತನ್ನೇ ಅವಸರದಲ್ಲಿ ಬಿಡುವುದು. ಒಂದು ಚಕ್ರ ತೀರಾ ಜಾಸ್ತಿ ತೂಕ ಕೇಳಿದರೆ ಟಯರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಲು ಹೇಳಿ.

ಅಲೈನ್‌ಮೆಂಟ್ ಕೊನೆಗೆ, ನಾಲ್ಕೂ ಚಕ್ರದಲ್ಲಿ ಸರಿಯಾದ ಗಾಳಿ ಇಟ್ಟ ಮೇಲೆ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಪ್ರಿಂಟ್ ಕೇಳಿ ಪಡೆಯಿರಿ.

ನಟ್ ಬಿಗಿಯುವುದು

ನನ್ನ ಪ್ರಕಾರ ಅತಿ ಹೆಚ್ಚು ಉಡಾಫೆ ನಡೆಯುವುದು ಇಲ್ಲೇ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಹತ್ತಿಸಬೇಕು. ಶುರುವಿನಿಂದಲೇ ನಟ್ ಬಿಗಿಯುವ ಗನ್ ಹಿಡಿದರೆ ನಟ್ಟಿನ ಒಳಗಿನ ತಿರುಪು ಗೆರೆ (ಥ್ರೆಡ್) ಕೆಡುವ ಸಾಧ್ಯತೆ ಇದೆ. ನಾಲ್ಕು ನಟ್ ಇದ್ದರೆ ಒಂದರ ನಂತರ ಅದರ ಎದುರಿನದು, ಐದಿದ್ದರೆ ನಕ್ಷತ್ರ ಬರೆಯುವ ಕ್ರಮ. ಸಾಲಾಗಿ ಸುತ್ತ ಬಿಗಿದರೆ ಚಕ್ರ ಓರೆ ಕೂರಬಹುದು. ಜಾಕ್ ಇಳಿಸಿದ ಮೇಲೆ ಕೊನೆಯ ಬಿಗಿ ಟಾರ್ಕ್ ರೆಂಚ್‌ನಿಂದ, ಅಂದರೆ ಎಷ್ಟು ಬಿಗಿಯಾಯಿತು ಎಂದು ಅಳೆಯುವ ಪಾನಾದಿಂದ. ಹಲವು ಕಾರುಗಳಿಗೆ 90ರಿಂದ 120 ನ್ಯೂಟನ್ ಮೀಟರ್ ಬೇಕಾಗುತ್ತದೆ. ನಿಮ್ಮ ಗಾಡಿಯದು ಕೈಪಿಡಿಯಲ್ಲಿದೆ. ಪೈಪ್ ಸಿಕ್ಕಿಸಿ ಮೇಲೆ ಹತ್ತಿ ನಿಂತು ಬಿಗಿದರೆ ಮುಂದೆ ಪಂಕ್ಚರ್ ಆದಾಗ ನೀವು ಬಿಚ್ಚಲು ಒದ್ದಾಡಬೇಕು.

ಹೊರಟ ಮೇಲೆ

ಟಯರ್ ಕೂರಿಸಲು ಜಾಸ್ತಿ ಗಾಳಿ ಹಾಕಿರುತ್ತಾರೆ, ಅದನ್ನು ಇಳಿಸಲು ಮರೆಯುತ್ತಾರೆ. ಮರುದಿನ ಬೆಳಗ್ಗೆ ಗಾಡಿ ತೆಗೆಯುವ ಮುಂಚೆ, ಟಯರ್ ತಣ್ಣಗಿರುವಾಗ, ಬಾಗಿಲಿನ ಸ್ಟಿಕ್ಕರ್ ನೋಡಿ ಸರಿ ಮಾಡಿಕೊಳ್ಳಿ. ಟಯರಿನ ಮೇಲೆ ಬರೆದ ಗರಿಷ್ಠ ಒತ್ತಡ ನೀವು ಹಾಕಬೇಕಾದ ಒತ್ತಡ ಅಲ್ಲ.

ಹೊಸ ಟಯರಿನ ಮೇಲೆ ಅಚ್ಚಿನಿಂದ ಬಿಡಿಸಲು ಬಳಿದ ಜಾರುವ ಪದಾರ್ಥ ಉಳಿದಿರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಜೋರು ಬ್ರೇಕ್, ಜೋರು ತಿರುವು ಬೇಡ. 50–100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿ. ಬಿಲ್ಲಿನ ಹಿಂದೆ ಅವತ್ತಿನ ಓಡೋಮೀಟರ್ ಅಂಕಿ ಬರೆದಿಡಿ. ಅಲ್ಲಿಂದ 8–10 ಸಾವಿರ ಕಿಲೋಮೀಟರಿಗೆ ಟಯರ್ ಹಿಂದು ಮುಂದು ಮಾಡಿಸುವ ಸಮಯ ಬರುತ್ತದೆ. ಬಾಣದ ಟಯರ್ ಆದರೆ ಅದೇ ಬದಿಯಲ್ಲಿ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ, ಅಷ್ಟೇ.