ಆಡುತ್ತಿರುವಾಗಲೇ ಕೋಚ್ ಆಗಲು ಕಲಿಯುವುದು: ಜಿಮ್ಮಿ ಅಲಪಾಗ್ ನಡೆದ ದಾರಿ ಮತ್ತು ಮೈಸೂರು, ಮಂಡ್ಯದ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಒಂದು ಕೈಪಿಡಿ

ಮೈಸೂರು ಮತ್ತು ಮಂಡ್ಯದಲ್ಲಿ ಶಾಲಾ ತಂಡ, ಪಿಯು ತಂಡ, ಪದವಿ ಕಾಲೇಜು, ಕೊನೆಗೆ ವಿಶ್ವವಿದ್ಯಾನಿಲಯದ ತಂಡ ಎಂದು ಮೆಟ್ಟಿಲು ಹತ್ತಿ ಬಂದ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಬಹುಪಾಲು ಮಂದಿಯ ಆಟ ಪದವಿ ಮುಗಿಯುವ ಹೊತ್ತಿಗೆ ನಿಂತುಹೋಗುತ್ತದೆ. ಕ್ರೀಡಾ ಕೋಟಾದಲ್ಲಿ ರೈಲ್ವೆ, ಬ್ಯಾಂಕ್ ಅಥವಾ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಕ್ಕ ಕೆಲವರು ಮುಂದುವರಿಯುತ್ತಾರೆ. ಉಳಿದವರು ಹತ್ತು ಹನ್ನೆರಡು ವರ್ಷ ಬೆವರು ಸುರಿಸಿ ಗಳಿಸಿದ ತಿಳಿವಳಿಕೆಯನ್ನು ಅಂಕಣದಲ್ಲೇ ಬಿಟ್ಟು ಹೊರಡುತ್ತಾರೆ. ಆ ತಿಳಿವಳಿಕೆ ನಮ್ಮ ಊರಿನ ಮಕ್ಕಳಿಗೆ ದಾಟಬೇಕೆಂಬ ಆಸೆಯಿಂದ, ಆಟಗಾರರು ಕೋಚ್ ಆಗುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಮಾದರಿಗೆ ಫಿಲಿಪಿನೊ ಮೂಲದ ಅಮೆರಿಕನ್ ಆಟಗಾರ ಜಿಮ್ಮಿ ಅಲಪಾಗ್ ಅವರ ವೃತ್ತಿಜೀವನವನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಆಟದಿಂದ ತರಬೇತಿಗೆ ಹೋಗುವ ದಾರಿಯ ಪ್ರತಿಯೊಂದು ತಿರುವೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಲಪಾಗ್ ಹುಟ್ಟಿದ್ದು 1977ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ. ಎತ್ತರ ಐದು ಅಡಿ ಒಂಬತ್ತು ಅಂಗುಲ. ಅಲ್ಲಿನ ರಾಜ್ಯ ವಿಶ್ವವಿದ್ಯಾನಿಲಯದ ತಂಡಕ್ಕೆ ಆಡಿದ ಮೇಲೆ ಅವರು ತಮ್ಮ ಹಿರಿಯರ ನಾಡಾದ ಫಿಲಿಪೀನ್ಸ್‌ಗೆ ಹೋದರು. 2003ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಆದ ಪಿಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಟಾಕ್ ಎನ್ ಟೆಕ್ಸ್ಟ್ ತಂಡ ಅವರನ್ನು ಹತ್ತನೆಯವರಾಗಿ ಆರಿಸಿತು. ಅಂದರೆ ಅವರಿಗಿಂತ ಮೊದಲು ಒಂಬತ್ತು ಮಂದಿಯನ್ನು ತಂಡಗಳು ಮೇಲೆಂದು ಎಣಿಸಿದ್ದವು. ಅದೇ ವರ್ಷ ಅವರು ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿದರು, 2011ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು, ಮತ್ತು 2016ರಲ್ಲಿ ಅಲನ್ ಕೈಡಿಕ್ ಅವರ 1,242 ತ್ರೀ ಪಾಯಿಂಟರ್‌ಗಳ (ದೂರದ ಗೆರೆಯ ಹೊರಗಿನಿಂದ ಹೊಡೆದು ಮೂರು ಅಂಕ ತರುವ ಶಾಟ್‌ಗಳ) ಲೀಗ್ ದಾಖಲೆಯನ್ನು ದಾಟಿದರು. ರಾಷ್ಟ್ರೀಯ ತಂಡದ ನಾಯಕರಾಗಿ ಅವರು ಮಾಡಿದ್ದು ಇನ್ನೂ ದೊಡ್ಡದು. 2013ರ ಏಷ್ಯಾ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ, ಮನಿಲಾದಲ್ಲಿ, ದಕ್ಷಿಣ ಕೊರಿಯಾವನ್ನು 86–79ರಿಂದ ಸೋಲಿಸಿದ ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವರು ಹೊಡೆದ ತ್ರೀ ಪಾಯಿಂಟರ್‌ಗಳು ಫಿಲಿಪೀನ್ಸನ್ನು ವಿಶ್ವಕಪ್‌ಗೆ ಕೊಂಡೊಯ್ದವು. 1978ರ ನಂತರ ಆ ದೇಶ ವಿಶ್ವಕಪ್‌ನಲ್ಲಿ ಆಡಿದ್ದು 2014ರಲ್ಲಿಯೇ, ಮತ್ತು ಅಲ್ಲಿ ಸೆನೆಗಲ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೆದ್ದ ಪಂದ್ಯ ಆ ದೇಶಕ್ಕೆ ನಲವತ್ತು ವರ್ಷಗಳಲ್ಲಿ ಮೊದಲ ವಿಶ್ವಕಪ್ ಗೆಲುವು.

ಕೋಚ್ ಆಗಲು ಬಯಸುವವರು ಗಮನಿಸಬೇಕಾದದ್ದು ಇದರ ಮುಂದಿನ ಭಾಗ. ಇಷ್ಟೆಲ್ಲ ಹೆಸರು ಗಳಿಸಿದ ಅಲಪಾಗ್ ಪಿಬಿಎಯ ಸ್ಯಾನ್ ಮಿಗೆಲ್ ಬಿಯರ್‌ಮೆನ್ ತಂಡದಲ್ಲಿ ಸಹಾಯಕ ಕೋಚ್ ಆಗಿ, ಬೇರೆಯವರ ಕೈಕೆಳಗೆ ದುಡಿದರು. ಆಗ್ನೇಯ ಏಷ್ಯಾದ ಎಬಿಎಲ್ ಲೀಗ್‌ನಲ್ಲಿ ಅಲಾಬ್ ಪಿಲಿಪಿನಾಸ್ ತಂಡದ ಮುಖ್ಯ ಕೋಚ್ ಆಗಿ 2018ರಲ್ಲಿ ಪ್ರಶಸ್ತಿಯನ್ನೂ ಗೆದ್ದರು. ಪ್ರಶಸ್ತಿ ಗೆದ್ದ ಕೋಚ್ ಎಂಬ ಬಿರುದು ಸಿಕ್ಕ ಮೇಲೂ ಅವರು ಅಮೆರಿಕಕ್ಕೆ ಮರಳಿ, ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಬಿಎಯ ಕೆಳಹಂತದ ಲೀಗ್‌ನಲ್ಲಿ, ಸ್ಟಾಕ್‌ಟನ್ ಕಿಂಗ್ಸ್ ತಂಡದ ಸಹಾಯಕರಾಗಿ ಮತ್ತೆ ಮೊದಲಿನಿಂದ ಆರಂಭಿಸಿದರು, ಅಲ್ಲಿಂದ ಎನ್‌ಬಿಎ ತಂಡವಾದ ಸ್ಯಾಕ್ರಮೆಂಟೊ ಕಿಂಗ್ಸ್‌ನ ಕೋಚ್‌ಗಳ ಬಳಗವನ್ನು ಸೇರಿದರು. ಆಟಗಾರನಾಗಿ ಪಡೆದ ಹೆಸರು ಕೋಚ್ ಆದವನಿಗೆ ಬಾಗಿಲು ತೆರೆಯಬಹುದು. ಒಳಗೆ ಹೋದ ಮೇಲಿನ ವಿದ್ಯೆ ಬೇರೆಯೇ ಇದೆ, ಅದನ್ನು ಕೆಳಗೆ ಕುಳಿತೇ ಕಲಿಯಬೇಕು ಎಂಬುದು ಅವರ ನಡೆಯಿಂದ ನನಗೆ ಮನದಟ್ಟಾದ ಸಂಗತಿ.

ಹಾಗಾದರೆ ನಮ್ಮಲ್ಲಿ ಎಲ್ಲಿಂದ ಆರಂಭಿಸಬೇಕು? ಇನ್ನೂ ಆಡುತ್ತಿರುವಾಗಲೇ ನಿಮ್ಮ ಕೋಚ್ ಅವರನ್ನು ಕೇಳಿ, ವಾರದಲ್ಲಿ ಎರಡು ದಿನ ಕಿರಿಯರ ತಂಡದ ಜೊತೆ ನಿಲ್ಲಲು ಅನುಮತಿ ಪಡೆಯಿರಿ. ಕೋನ್ ಜೋಡಿಸುವುದು, ಚೆಂಡಿಗೆ ಗಾಳಿ ನೋಡುವುದು, ಹಾಜರಿ ಬರೆಯುವುದು ಇವೇ ಮೊದಲ ಕೆಲಸಗಳಾದರೂ ಬೇಸರ ಪಡಬೇಡಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಡೆಯುವ ಬೇಸಿಗೆ ಶಿಬಿರಗಳಲ್ಲಿ ಸಹಾಯಕರು ಯಾವಾಗಲೂ ಬೇಕಾಗಿರುತ್ತಾರೆ. ಹೊಸ ಕೋಚ್‌ಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ಕಡೆ ಇಲ್ಲ, ಏಕೆಂದರೆ ಅಲ್ಲಿ ಬರುವ ಮಕ್ಕಳಲ್ಲಿ ಚೆಂಡನ್ನೇ ಮುಟ್ಟದವರೂ ಇರುತ್ತಾರೆ, ಜಿಲ್ಲಾ ತಂಡದ ಕನಸು ಕಂಡವರೂ ಇರುತ್ತಾರೆ. ಅದರ ಜೊತೆಗೆ ಸ್ಕೋರ್ ಟೇಬಲ್‌ನಲ್ಲಿ ಕುಳಿತುಕೊಳ್ಳಿ. ಮೈಸೂರಿನ ದಸರಾ ಕ್ರೀಡಾಕೂಟವಿರಲಿ, ಮಂಡ್ಯದ ಅಂತರ ಕಾಲೇಜು ಪಂದ್ಯವಿರಲಿ, ಸ್ಕೋರ್‌ಶೀಟ್ ತುಂಬಲು ಬಲ್ಲವರಿಗೆ ಸಂಘಟಕರು ಸಂತೋಷದಿಂದ ಜಾಗ ಕೊಡುತ್ತಾರೆ. ಯಾರ ಫೌಲ್ ಎಷ್ಟಾಯಿತು, ತಂಡವೊಂದಕ್ಕೆ ಶಾಟ್ ಹೊಡೆಯಲು ಇರುವ ಸಮಯ ತೋರಿಸುವ 24 ಸೆಕೆಂಡಿನ ಗಡಿಯಾರ, ಎದುರಾಳಿಯ ರಿಂಗ್‌ಗೆ ತಗುಲಿ ಮರಳಿದ ಚೆಂಡು ಅದೇ ತಂಡಕ್ಕೆ ಸಿಕ್ಕಾಗ ಏಕೆ 14ರಿಂದ ಮತ್ತೆ ಎಣಿಸುತ್ತದೆ ಎಂಬುದೆಲ್ಲ ಆಡುವಾಗ ಅರ್ಧಂಬರ್ಧ ತಿಳಿದಿರುತ್ತದೆ, ಅಲ್ಲಿ ಕುಳಿತಾಗ ಪೂರ್ತಿಯಾಗಿ ತಿಳಿಯುತ್ತದೆ.

ಓದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಭಾರತೀಯ ಕ್ರೀಡಾ ಪ್ರಾಧಿಕಾರದ ಅಡಿಯಲ್ಲಿರುವ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಆರಂಭವಾದದ್ದು. ಎನ್‌ಐಎಸ್ ಎಂದು ಎಲ್ಲರೂ ಕರೆಯುವ ಈ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾಕ್ಕೆ ಸರ್ಕಾರಿ ಹುದ್ದೆಗಳಲ್ಲಿ ಬೆಲೆಯಿದೆ, ಆರು ವಾರಗಳ ಪ್ರಮಾಣಪತ್ರ ಕೋರ್ಸ್ ಕೂಡ ಇದೆ. ಶಾಲೆಯಲ್ಲಿ ದೈಹಿಕ ಶಿಕ್ಷಕರಾಗುವ ಯೋಚನೆಯಿದ್ದರೆ ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್. ಮಾಡಿಕೊಳ್ಳಬೇಕು. ಎಲ್ಲದಕ್ಕೂ ನೀವು ಆಡಿದ ಪಂದ್ಯಗಳ ಪ್ರಮಾಣಪತ್ರಗಳನ್ನು ಕೇಳುತ್ತಾರೆ, ಆದ್ದರಿಂದ ಹೈಸ್ಕೂಲಿನಿಂದ ಬಂದ ಪ್ರತಿಯೊಂದನ್ನೂ ಒಂದು ಫೈಲ್‌ನಲ್ಲಿ ಹಾಕಿ ಜೋಪಾನವಾಗಿಡಿ.

ಇನ್ನು ನಿಜವಾದ ಕಷ್ಟದ ಕೆಲಸಕ್ಕೆ ಬರೋಣ: ಕೈಗೆ ಗೊತ್ತಿರುವುದನ್ನು ಬಾಯಿಗೆ ತರುವುದು. ಐದು ಅಡಿ ಒಂಬತ್ತು ಅಂಗುಲದ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವ ಆಟಗಾರ) ಒಬ್ಬ ಆರೂವರೆ ಅಡಿಯವರ ನಡುವೆ ಅಷ್ಟು ವರ್ಷ ಆಡಿ ಉಳಿಯಬೇಕಾದರೆ, ಜೊತೆಗಾರ ಬಂದು ಸ್ಕ್ರೀನ್ ಹಾಕಿದ, ಅಂದರೆ ಎದುರಾಳಿಯ ದಾರಿಗೆ ಅಡ್ಡ ನಿಂತ, ಕ್ಷಣದಲ್ಲಿ ಎದುರಾಳಿ ಏನು ಮಾಡುತ್ತಾನೆಂಬುದನ್ನು ಓದಲು ಅವನಿಗೆ ಬರಲೇಬೇಕು. ನಿಮಗೂ ಅದು ಬರುತ್ತಿರಬಹುದು, ಆದರೆ ಹೇಗೆ ಬರುತ್ತದೆಂದು ಹದಿಮೂರು ವರ್ಷದ ಮಗು ಕೇಳಿದರೆ ಹೇಳಲು ತಡವರಿಸುತ್ತೀರಿ. ಆದ್ದರಿಂದ ಅದನ್ನು ಬಿಡಿಸಿ ಬರೆಯಿರಿ. ಚೆಂಡು ಹಿಡಿದವನನ್ನು ಕಾಯುತ್ತಿರುವ ಎದುರಾಳಿ ಸ್ಕ್ರೀನ್‌ನ ಹಿಂಬದಿಯಿಂದ ನುಸುಳಿದರೆ ಮುಂದೆ ಜಾಗ ಖಾಲಿಯಾಗುತ್ತದೆ, ಅಲ್ಲಿಂದಲೇ ಶಾಟ್ ಹೊಡೆಯಬಹುದು. ಅವನು ಬೆನ್ನಿಗೆ ಅಂಟಿಕೊಂಡು ಸ್ಕ್ರೀನ್‌ನ ಮೇಲಿನಿಂದಲೇ, ಅಂದರೆ ಮುಂಬದಿಯಿಂದಲೇ, ಹಿಂಬಾಲಿಸಿದರೆ ರಿಂಗ್‌ನ ಕಡೆಗೆ ನುಗ್ಗಬೇಕು. ಎದುರಾಳಿಗಳಿಬ್ಬರೂ ಚೆಂಡಿನ ಮೇಲೆ ಬಿದ್ದರೆ ಸ್ಕ್ರೀನ್ ಹಾಕಿದ ಗೆಳೆಯ ರಿಂಗ್‌ನತ್ತ ತಿರುಗಿ ಓಡುತ್ತಿರುತ್ತಾನೆ, ಅವನಿಗೆ ಪಾಸ್ ಕೊಡಬೇಕು. ಇಷ್ಟನ್ನು ಒಂದೇ ದಿನ ಹೇಳಿದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ. ಮೊದಲ ವಾರ ಎದುರಾಳಿಯ ಪಾತ್ರದವನಿಗೆ ಹಿಂಬದಿಯಿಂದಲೇ ಹೋಗು ಎಂದು ಹೇಳಿ, ಚೆಂಡು ಹಿಡಿದವನು ಶಾಟ್ ಮಾತ್ರ ಹೊಡೆಯಲಿ. ಎರಡನೆಯ ವಾರ ಮೇಲಿನಿಂದ ಹಿಂಬಾಲಿಸಲು ಹೇಳಿ. ಮೂರನೆಯ ವಾರ ಎರಡರಲ್ಲಿ ಯಾವುದನ್ನು ಬೇಕಾದರೂ ಮಾಡಲು ಎದುರಾಳಿಗೆ ಗುಟ್ಟಾಗಿ ಕಿವಿಯಲ್ಲಿ ಹೇಳಿ. ಆಗ ಮಗುವಿನ ಕಣ್ಣು ತಾನಾಗಿಯೇ ಚೆಂಡಿನಿಂದ ಮೇಲೆದ್ದು ಎದುರಾಳಿಯ ಪಾದವನ್ನು ನೋಡತೊಡಗುತ್ತದೆ. ಕೋಚ್ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಬದಲಾವಣೆಯನ್ನು ನೋಡುವುದು.

ಶೂಟಿಂಗ್ ಕಲಿಸುವುದರಲ್ಲಿ ಇನ್ನೊಬ್ಬರ ಉದಾಹರಣೆ ನೆರವಾಗುತ್ತದೆ. ಮಯಾಮಿ ಹೀಟ್ ತಂಡದ ಮುಖ್ಯ ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ ಅವರ ತಾಯಿ ಫಿಲಿಪೀನ್ಸ್‌ನವರು. ಸ್ಪೋಲ್‌ಸ್ಟ್ರಾ ಜರ್ಮನಿಯ ಹೆರ್ಟನ್ ಎಂಬ ಊರಿನ ತಂಡದಲ್ಲಿ ಆಡುತ್ತಲೇ ಕೋಚಿಂಗ್ ಕೂಡ ಮಾಡಿದರು, 1995ರಲ್ಲಿ ಹೀಟ್ ತಂಡಕ್ಕೆ ಪಂದ್ಯಗಳ ವಿಡಿಯೊ ಸಿದ್ಧಪಡಿಸುವ ಕೆಲಸಕ್ಕೆ ಸೇರಿದರು, 2008ರಲ್ಲಿ ಮುಖ್ಯ ಕೋಚ್ ಆದರು, 2012 ಮತ್ತು 2013ರಲ್ಲಿ ಎನ್‌ಬಿಎ ಗೆದ್ದರು. 2004ರ ಅಥೆನ್ಸ್ ಒಲಿಂಪಿಕ್ಸ್ ಮುಗಿಸಿ ಬಂದ ಹೀಟ್ ತಂಡದ ತಾರೆ ಡ್ವೇನ್ ವೇಡ್ ಅವರ ಜಂಪ್ ಶಾಟ್‌ನಲ್ಲಿ ಸಮತೋಲನವನ್ನು ತಿದ್ದಿದವರು ಆಗ ಸಹಾಯಕರಾಗಿದ್ದ ಇದೇ ಸ್ಪೋಲ್‌ಸ್ಟ್ರಾ. ಅಷ್ಟು ದೊಡ್ಡ ಆಟಗಾರನಿಗೇ ಸಮತೋಲನದ ಪಾಠ ಬೇಕಾಯಿತೆಂದ ಮೇಲೆ ನಮ್ಮ ಮಕ್ಕಳ ಶಾಟ್ ತಿದ್ದುವಾಗ ಕೈಗಿಂತ ಮೊದಲು ಕಾಲನ್ನು ನೋಡಬೇಕು. ರಿಂಗ್‌ನಿಂದ ಎರಡೇ ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಶಾಟ್ ಹೊಡೆದ ಮೇಲೆ ಪಾದಗಳು ಎದ್ದ ಜಾಗದಲ್ಲೇ ಇಳಿಯುತ್ತವೆಯೇ ಎಂದು ಗಮನಿಸಿ. ಪಕ್ಕಕ್ಕೆ ವಾಲಿ ಇಳಿದರೆ ತಪ್ಪು ಕಾಲಿನಲ್ಲಿದೆ. ಮೊಣಕೈ ಹೊರಗೆ ಚಾಚಿಕೊಳ್ಳುತ್ತಿದ್ದರೆ ಬಹಳ ಸಲ ಚೆಂಡೇ ದೊಡ್ಡದಾಗಿರುತ್ತದೆ: ಹತ್ತು ವರ್ಷದ ಮಗುವಿನ ಕೈಗೆ 7ನೇ ಸೈಜ್ ಚೆಂಡು ಕೊಟ್ಟರೆ ಅದು ಸೊಂಟದಿಂದ ಎತ್ತಿ ದೂಡಲೇಬೇಕಾಗುತ್ತದೆ. ಹನ್ನೆರಡರ ಒಳಗಿನವರಿಗೆ 5ನೇ ಸೈಜ್, ದೊಡ್ಡ ಹುಡುಗಿಯರಿಗೆ 6, ದೊಡ್ಡ ಹುಡುಗರಿಗೆ 7 ಕೊಡಿ. ಚಿಕ್ಕ ಮಕ್ಕಳ ಆಟಕ್ಕೆ ರಿಂಗ್ 2.60 ಮೀಟರ್ ಎತ್ತರದಲ್ಲಿರಬೇಕು, ನಮ್ಮ ಹೆಚ್ಚಿನ ಅಂಕಣಗಳಲ್ಲಿ ಇರುವುದು 3.05 ಮೀಟರ್‌ನದು ಮಾತ್ರ. ಗೋಡೆಯ ಮೇಲೆ 2.60 ಮೀಟರ್ ಎತ್ತರಕ್ಕೆ ಸುಣ್ಣದಲ್ಲಿ ಒಂದು ವೃತ್ತ ಬರೆದು ಅದಕ್ಕೆ ಹೊಡೆಯಿಸಿದರೂ ಶಾಟ್‌ನ ಆಕಾರ ಕೆಡದೆ ಬೆಳೆಯುತ್ತದೆ.

ತರಬೇತಿಯ ಹೊತ್ತನ್ನು ಹಂಚುವ ವಿಷಯದಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಇಪ್ಪತ್ತು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಲೇ-ಅಪ್ (ಓಡಿ ಬಂದು ರಿಂಗ್‌ನ ಹತ್ತಿರದಿಂದ ಹೊಡೆಯುವ ಶಾಟ್) ಮಾಡಿಸಿದರೆ, ಒಬ್ಬರಿಗೆ ಆರು ಸೆಕೆಂಡಿನಂತೆ, ಪ್ರತಿ ಮಗುವಿಗೂ ಎರಡು ನಿಮಿಷಕ್ಕೊಮ್ಮೆ ಚೆಂಡು ಸಿಗುತ್ತದೆ. ಉಳಿದ ಹೊತ್ತು ಬಿಸಿಲಿನಲ್ಲಿ ನಿಂತು ತಳ್ಳಾಡುವುದೇ ಕೆಲಸ. ಅದರ ಬದಲು ಎರಡೂ ರಿಂಗ್‌ಗಳಲ್ಲಿ ಮೂವರ ವಿರುದ್ಧ ಮೂವರನ್ನು ಆಡಿಸಿ, ಉಳಿದವರಿಗೆ ಬದಿಯಲ್ಲಿ ಡ್ರಿಬಲ್ ಮತ್ತು ಪಾಸ್ ಕೊಡಿ, ಐದು ನಿಮಿಷಕ್ಕೊಮ್ಮೆ ಬದಲಾಯಿಸಿ. ಒಂದೂವರೆ ಗಂಟೆಯ ಅಭ್ಯಾಸದಲ್ಲಿ ನಿಮ್ಮ ಮಾತು ಎಲ್ಲ ಸೇರಿ ಹತ್ತು ನಿಮಿಷ ಮೀರದಿರಲಿ. ಮಂಡ್ಯದ ಬಯಲು ಅಂಕಣಗಳಲ್ಲಿ ಮಾರ್ಚ್‌ನಿಂದ ಬೆಳಿಗ್ಗೆ ಎಂಟರ ನಂತರ ಸಿಮೆಂಟ್ ಕಾಯುತ್ತದೆ, ಆದ್ದರಿಂದ ಆರಕ್ಕೇ ಆರಂಭಿಸಿ. ಮದ್ದೂರು, ಶ್ರೀರಂಗಪಟ್ಟಣದ ಕಡೆಯಿಂದ ಬಸ್ ಅಥವಾ ರೈಲಿನಲ್ಲಿ ಬರುವ ಮಕ್ಕಳು ತಿಂಡಿ ತಿಂದಿರುವುದಿಲ್ಲ; ಅವರನ್ನು ಮೊದಲು ವಿಚಾರಿಸಿ, ನೀರು ಕುಡಿಯಲು ಬಿಡುವು ಕೊಡಿ. ಹುಡುಗಿಯರ ತಂಡವನ್ನು ಹೊರ ಊರಿಗೆ ಕರೆದೊಯ್ಯುವಾಗ ಜೊತೆಗೆ ಮಹಿಳಾ ಕೋಚ್ ಅಥವಾ ಮ್ಯಾನೇಜರ್ ಇರಲೇಬೇಕು, ಪೋಷಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಪೋಷಕರು ಬಂದು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಬಹುತೇಕ ಇದೇ ಆಗಿರುತ್ತದೆ: "ಸಾರ್, ನಮ್ಮ ಹುಡ್ಗ ಕುಳ್ಳ ಅವ್ನೆ, ಇವ್ನಿಗೆ ಈ ಆಟ ಆಯ್ತದಾ?" ಆಗ ಅಲಪಾಗ್ ಅವರ ಎತ್ತರ ಹೇಳಿ, ಅವರು ಲೀಗ್‌ನ ಅತ್ಯಮೂಲ್ಯ ಆಟಗಾರರಾದದ್ದನ್ನು ಹೇಳಿ. ಅದರೊಂದಿಗೆ, ಎತ್ತರ ಕಡಿಮೆಯಿದ್ದವರು ಎರಡೂ ಕೈಯಲ್ಲಿ ಡ್ರಿಬಲ್ ಮಾಡಲು, 6.75 ಮೀಟರ್‌ನ ತ್ರೀ ಪಾಯಿಂಟ್ ಗೆರೆಯ ಹೊರಗಿನಿಂದ ನಂಬಿಕೆಯಿಂದ ಹೊಡೆಯಲು ಕಲಿಯಬೇಕೆಂಬುದನ್ನೂ ಮುಚ್ಚಿಡದೆ ಹೇಳಿ.

ವಿಡಿಯೊ ನೋಡಲು ದೊಡ್ಡ ಉಪಕರಣ ಬೇಡ. ಗ್ಯಾಲರಿಯ ಮೇಲಿನ ಮೆಟ್ಟಿಲಿನಲ್ಲಿ ಒಬ್ಬರನ್ನು ಕೂರಿಸಿ ಮೊಬೈಲ್‌ನಲ್ಲಿ ಪೂರ್ತಿ ಪಂದ್ಯ ಚಿತ್ರೀಕರಿಸಿದರೆ ಸಾಕು. ಮನೆಗೆ ಹೋಗಿ ಮೊದಲ ಸಲ ನೋಡುವಾಗ ಚೆಂಡು ಇಲ್ಲದ ನಾಲ್ವರನ್ನಷ್ಟೇ ನೋಡಿ. ನಿಮ್ಮ ತಂಡದ ರೋಗ ಹೆಚ್ಚಾಗಿ ಅಲ್ಲಿಯೇ ಸಿಗುತ್ತದೆ. ಮಕ್ಕಳಿಗೆ ತೋರಿಸುವಾಗ ಐದಾರು ತುಣುಕು ಮಾತ್ರ ತೋರಿಸಿ, ಅದರಲ್ಲಿ ಅರ್ಧದಷ್ಟಾದರೂ ಅವರು ಚೆನ್ನಾಗಿ ಆಡಿದವು ಇರಲಿ.

ಪಂದ್ಯದ ದಿನ ಕೋಚ್‌ನ ಕೈಯಲ್ಲಿ ನಿಜವಾಗಿ ಇರುವುದು ಬದಲಿ ಆಟಗಾರರು ಮತ್ತು ಟೈಮ್‌ಔಟ್‌ಗಳು. ಅಂತರರಾಷ್ಟ್ರೀಯ ನಿಯಮದಂತೆ ಮೊದಲರ್ಧದಲ್ಲಿ ಎರಡು, ಎರಡನೆಯ ಅರ್ಧದಲ್ಲಿ ಮೂರು ಟೈಮ್‌ಔಟ್ ಸಿಗುತ್ತವೆ, ಪ್ರತಿಯೊಂದೂ ಒಂದು ನಿಮಿಷದ್ದು, ನಾಲ್ಕನೆಯ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷಗಳಲ್ಲಿ ಎರಡಕ್ಕಿಂತ ಹೆಚ್ಚು ಬಳಸುವಂತಿಲ್ಲ. ಆ ಒಂದು ನಿಮಿಷದ ಮೊದಲ ಹದಿನೈದು ಸೆಕೆಂಡು ಮಕ್ಕಳು ಕುಳಿತು ಉಸಿರು ತೆಗೆದುಕೊಳ್ಳಲಿ, ನೀವು ಮಾತಾಡಬೇಡಿ. ಆಮೇಲೆ ಡಿಫೆನ್ಸ್ ಬಗ್ಗೆ ಒಂದು ಮಾತು, ಮುಂದಿನ ದಾಳಿಯ ಬಗ್ಗೆ ಒಂದು ಮಾತು ಹೇಳಿ, ನಿಮ್ಮ ಪಾಯಿಂಟ್ ಗಾರ್ಡ್‌ನಿಂದ ಅದನ್ನೇ ತಿರುಗಿ ಹೇಳಿಸಿ. ಅವನು ತಪ್ಪಾಗಿ ಹೇಳಿದರೆ ಉಳಿದ ನಾಲ್ವರಿಗೂ ಅದು ಅರ್ಥವಾಗಿಲ್ಲವೆಂದೇ ತಿಳಿದು, ಉಳಿದಿರುವ ಸೆಕೆಂಡುಗಳಲ್ಲಿ ಕೈಯಲ್ಲಿರುವ ಬೋರ್ಡ್ ಮೇಲೆ ಬರೆದು ತೋರಿಸಿ ಕಳಿಸಿ.