ಮಕಾವ್ ಸಾಕುವ ಆಸೆಯೇ? ಮೊದಲು ಕಾಗದ ಕೇಳಿ

ಬೆಳಗಾವಿಯಲ್ಲಿರಲಿ, ವಿಜಯಪುರ, ಬಾಗಲಕೋಟೆಯಲ್ಲಿರಲಿ, ಬಣ್ಣದ ಮಕಾವ್ ಗಿಳಿ ಅಥವಾ ಇಗ್ವಾನಾ ಎಂಬ ದೊಡ್ಡ ಹಲ್ಲಿ ಸಾಕಬೇಕೆಂದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಓದಿ.

1. ನಮ್ಮ ಕಾಡಿನದೋ, ಹೊರದೇಶದ್ದೋ?

ನಮ್ಮ ಕಾಡಿನ ಪ್ರಾಣಿಯಾದರೆ ಆಸೆ ಬಿಟ್ಟುಬಿಡಿ. ಹೊಲಕ್ಕೆ ಬರುವ ಹಸಿರು ಗಿಳಿ, ನಕ್ಷತ್ರ ಆಮೆ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ‘ಅಜ್ಜನ ಕಾಲದಿಂದ ಗಿಣಿ ಸಾಕೇವ್ರಿ’ ಅಂದರೆ ನಡೆಯುವುದಿಲ್ಲ. ನಕ್ಷತ್ರ ಆಮೆಯಂತೂ ಹೆಚ್ಚಿನ ರಕ್ಷಣೆ ಕೊಡುವ, ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ.

ಹೊರದೇಶದ ಪ್ರಾಣಿಗಳಿಗೆ ಅದೇ ಕಾಯ್ದೆಯ ನಾಲ್ಕನೇ ಪಟ್ಟಿ ನೋಡಬೇಕು. 2022ರ ತಿದ್ದುಪಡಿಯಲ್ಲಿ ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಜೀವಿಗಳನ್ನು ಅದಕ್ಕೆ ಸೇರಿಸಿದರು. ಮಕಾವ್, ಆಫ್ರಿಕನ್ ಗ್ರೇ ಗಿಳಿ, ಹಸಿರು ಇಗ್ವಾನಾ, ಬಾಲ್ ಪೈಥಾನ್ ಹೆಬ್ಬಾವು, ಮಾರ್ಮೊಸೆಟ್ ಕೋತಿ ಎಲ್ಲವೂ ಅದರಲ್ಲಿವೆ. ಇವನ್ನು ಸಾಕಬಹುದು, ಆದರೆ ನೋಂದಣಿ ಕಡ್ಡಾಯ. ಪೇಟೆಯಲ್ಲಿ ಜೋಡಿ ಲೆಕ್ಕದಲ್ಲಿ ಮಾರುವ ಬಡ್ಜಿ (ಬಡ್ಜರಿಗಾರ್) ಹಕ್ಕಿ, ಕಾಕಟೀಲ್ ಗಿಳಿಗಳಿಗೆ ಈ ನೋಂದಣಿ ಬೇಡ. ಮುಧೋಳ ನಾಯಿಗಂತೂ ಈ ಕಾಯ್ದೆಯ ತಂಟೆಯೇ ಇಲ್ಲ.

2. ಕಾಲಿನ ಉಂಗುರ ನೋಡಿ

ಇಲ್ಲಿ ಅವಸರ ಬೇಡ. ಗಿಳಿ ಸಾಕಣೆಯವರು ಮರಿ ಚಿಕ್ಕದಿರುವಾಗಲೇ ಕಾಲಿಗೆ ಇಡಿಯಾದ ಉಂಗುರ ತೂರಿಸುತ್ತಾರೆ. ಪಾದ ಬೆಳೆದ ಮೇಲೆ ಅದು ಹತ್ತುವುದಿಲ್ಲ. ಹಾಗಾಗಿ ಉಂಗುರದಲ್ಲಿ ಸೀಳು ಕಂಡರೆ ಅದು ಆಮೇಲೆ ಹಾಕಿದ್ದಿರಬಹುದು. ಹಕ್ಕಿ ಎಲ್ಲಿಂದ ಬಂತು ಎಂದು ಬಿಡದೆ ಕೇಳಿ. ಉಂಗುರದ ಮೇಲಿನ ನಂಬರ್ ಬಿಲ್ಲಿನಲ್ಲೂ ಇರಬೇಕು. ಉಂಗುರ ಒಂದೇ ಸಾಲದು, ಮಾರುವವರ ಹೆಸರಿನ ನೋಂದಣಿ ಪತ್ರವನ್ನೂ ನೋಡಿ. ನೇರ ಆಮದಾದರೆ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪರವಾನಗಿ, ಸೈಟಿಸ್ ಪರ್ಮಿಟ್ ಎರಡೂ ಬೇಕು.

‘ಕಾಗದ ಆಮೇಲೆ ಕೊಡ್ತೀನಿ’ ಅಂದರೆ ಎದ್ದು ಬನ್ನಿ. ಕಳ್ಳದಾರಿಯಲ್ಲಿ ಸೂಟ್‌ಕೇಸಿನೊಳಗೆ ತುರುಕಿ ತರುವ ಜೀವಗಳಲ್ಲಿ ಎಷ್ಟೋ ದಾರಿಯಲ್ಲೇ ಉಸಿರು ಬಿಡುತ್ತವೆ. ನಾವು ಕೊಡುವ ದುಡ್ಡೇ ಆ ದಂಧೆಯನ್ನು ನಡೆಸುತ್ತದೆ.

3. ನೋಂದಣಿ ಮಾಡಿಸಿ

2024ರ ನಿಯಮದ ಪ್ರಕಾರ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಶುಲ್ಕ 1,000 ರೂಪಾಯಿ. ಅರ್ಜಿ ಹೋಗುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಫೋಟೊ, ಗುರುತಿನ ನಂಬರ್, ಖರೀದಿಯ ದಾಖಲೆ ಮೊದಲೇ ರೆಡಿ ಇಟ್ಟುಕೊಳ್ಳಿ. ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

4. ಕಾಗದವಿಲ್ಲದ ಪ್ರಾಣಿ ಈಗಾಗಲೇ ಮನೆಯಲ್ಲಿದ್ದರೆ?

ಮೊದಲಿನಿಂದ ಸಾಕುತ್ತಿದ್ದವರಿಗೆ ಕೊಟ್ಟಿದ್ದ ಆರು ತಿಂಗಳ ಗಡುವು 2024ರ ಆಗಸ್ಟ್‌ನಲ್ಲೇ ಮುಗಿದಿದೆ. ಹೆದರಿ ಸುಮ್ನೆ ಕೂರಬೇಡಿ. ಒಬ್ಬ ವಕೀಲರನ್ನು ಕೇಳಿಕೊಂಡು ನಿಮ್ಮ ಜಿಲ್ಲೆಯ ಡಿಎಫ್‌ಒ (ಅರಣ್ಯಾಧಿಕಾರಿ) ಕಚೇರಿಗೆ ಹೋಗಿ, ಇದ್ದದ್ದು ಇದ್ದಂತೆ ಹೇಳಿ. ಖಾನಾಪುರದ ಕಾಡಿಗೋ ಘಟಪ್ರಭಾ ದಂಡೆಗೋ ಒಯ್ದು ಬಿಡುವುದಂತೂ ಬೇಡವೇ ಬೇಡ. ಪಂಜರದಲ್ಲಿ ಬೆಳೆದ ಮಕಾವ್‌ಗೆ ಅಲ್ಲಿ ಮೇವು ಹುಡುಕಲು ಬರುವುದಿಲ್ಲ, ಬದುಕಿ ಉಳಿದರೆ ಅದರ ರೋಗ ನಮ್ಮ ಹಕ್ಕಿಗಳಿಗೆ ಅಂಟಬಹುದು.